ಆಷಾಢದ ಗಾಳಿಗೆ ಸಿಕ್ಕ ಲ್ಯಾಪ್‌ಟಾಪು

ಚಿತ್ರದುರ್ಗದ ಸೀಮೆಗೆ ಆಷಾಢದಲ್ಲಿ ಮಳೆಗಿಂತ ಹೆಚ್ಚಾಗಿ ಬರುವುದು ಗಾಳಿ. ಪಶ್ಚಿಮಘಟ್ಟದ ಆಚೆಗೇ ಮಳೆ ಸುರಿಸಿ ಹಗುರಾದ ಮುಂಗಾರು ಮಾರುತ ಇತ್ತ ತಿರುಗುವಾಗ ಬಿರುಸನ್ನಷ್ಟೇ ಉಳಿಸಿಕೊಂಡಿರುತ್ತದೆ. ಜೋಗಿಮಟ್ಟಿಯ ಸಾಲಿನಲ್ಲೂ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಗುಡ್ಡಗಳಲ್ಲೂ ಗಾಳಿಯಂತ್ರಗಳು ನಿಂತಿರುವುದು ಆ ಬಿರುಸನ್ನು ನಂಬಿಕೊಂಡು. ಅದೇ ಗಾಳಿ ಹಿರಿಯೂರಿನ ಎರೆಹೊಲಗಳಿಂದ, ಹೊಳಲ್ಕೆರೆಯ ಕೆಂಪು ನೆಲದಿಂದ ಹಿಟ್ಟಿನಂಥ ಧೂಳನ್ನೆತ್ತಿಕೊಂಡು ಊರೊಳಗೆ ನುಗ್ಗುತ್ತದೆ. ಕಿಟಕಿ ಮುಚ್ಚಿ ಮಲಗಿದರೂ ಬೆಳಗಾಗುವಷ್ಟರಲ್ಲಿ ಮೇಜಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ.

ಮೇಜಿನದು ಒರೆಸಿದರೆ ಹೋಯಿತು. ಅದೇ ಮೇಜಿನ ಮೇಲೆ ದಿನವಿಡೀ ಗಾಳಿ ಎಳೆದುಕೊಳ್ಳುತ್ತ ಕೂತ ಲ್ಯಾಪ್‌ಟಾಪಿನ ಒಳಗೆ ಸೇರಿದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಚಿತ್ರದುರ್ಗದ ಬಿ.ಡಿ. ರಸ್ತೆಯಿಂದ ಒಳಕ್ಕೆ ಹೊರಳುವ ಓಣಿಯ ರಿಪೇರಿ ಅಂಗಡಿಯೊಂದರಲ್ಲಿ ಇಬ್ಬರ ನಡುವೆ ಈ ಮಾತು ಬೆಳೆಯಿತು. ಒಬ್ಬರು ಟಿ.ವಿ. ಕಾಲದಿಂದಲೂ ಸೋಲ್ಡರಿಂಗ್ ಕಡ್ಡಿ ಹಿಡಿದ ಮೆಕ್ಯಾನಿಕ್. ಇನ್ನೊಬ್ಬರು ಹಿರಿಯೂರಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಅವರ ಕೈಯಲ್ಲಿದ್ದದ್ದು 2015ರಲ್ಲಿ ಕೊಂಡ ಲ್ಯಾಪ್‌ಟಾಪು. ಇಂಟೆಲ್‌ನ ಐದನೇ ತಲೆಮಾರಿನ ಐ5 ಪ್ರೊಸೆಸರ್, ಜೊತೆಗೆ ಎನ್‌ವಿಡಿಯಾ ಕಂಪನಿಯ ಜೀಫೋರ್ಸ್ 920ಎಂ ಎಂಬ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪು. ವೇದಾವತಿ ಕಣಿವೆಯ ಉಪಗ್ರಹ ಚಿತ್ರಗಳನ್ನು ಕ್ಯೂಜಿಐಎಸ್ ತಂತ್ರಾಂಶದಲ್ಲಿ ತೆರೆದು ವಿದ್ಯಾರ್ಥಿಗಳಿಗೆ ನಕ್ಷೆ ಮಾಡಿ ತೋರಿಸುವುದು ಅವರ ಕೆಲಸ.

"ಅಣ್ಣ, ವಾಣಿ ವಿಲಾಸ ಸಾಗರದ ಮೂರು ಆಯಾಮದ ನಕ್ಷೆ ತೆಗೆದೆ ಅಂದ್ರೆ ಸಾಕು, ಸ್ಕ್ರೀನ್ ಕಪ್ಪಾಗಿ ಮತ್ತೆ ಬರುತ್ತೆ. ಡಿಸ್‌ಪ್ಲೇ ಡ್ರೈವರ್ ನಿಂತಿತ್ತು, ಈಗ ಸರಿಹೋಗಿದೆ ಅನ್ನೋ ಸಂದೇಶ ಮೂಲೇಲಿ ಕಾಣುತ್ತೆ. ಹೊಸ ಡ್ರೈವರ್ ಹಾಕಿಕೊಡಿ."

ಮೆಕ್ಯಾನಿಕ್ ಡ್ರೈವರಿನ ಮಾತೆತ್ತಲಿಲ್ಲ. ಲ್ಯಾಪ್‌ಟಾಪನ್ನು ಚಾಲೂ ಮಾಡಿ, ಪಕ್ಕದ ಕಿಂಡಿಯ ಮುಂದೆ ಅಂಗೈ ಹಿಡಿದರು. "ಫ್ಯಾನ್ ಸೌಂಡು ಕೇಳ್ತೈತಲ್ಲ ಮೇಡಂ? ಇಷ್ಟು ಸೌಂಡಿಗೆ ಬಿಸಿಗಾಳಿ ಕೈಗೆ ಬಡೀಬೇಕು. ಒಂದಿಷ್ಟೂ ಬರ್ತಿಲ್ಲ. ಮೊದಲು ಇದನ್ನ ನೋಡಾಣ, ಡ್ರೈವರ್ ಆಮೇಲೆ."

"ಧೂಳು ಹಾರ್ಡ್‌ವೇರಿನ ವಿಷಯ, ಡ್ರೈವರ್ ಸಾಫ್ಟ್‌ವೇರಿನದು. ಎರಡಕ್ಕೂ ಏನು ಸಂಬಂಧ?"

"ನಿಮಗೆ ಬರ್ತಿರೋ ಸಂದೇಶವೇ ಸಂಬಂಧ. ವಿಂಡೋಸು ಗ್ರಾಫಿಕ್ಸ್ ಚಿಪ್ಪಿಗೆ ಒಂದು ಕೆಲಸ ಒಪ್ಪಿಸಿ ಕಾಯ್ತೈತೆ. ಎಷ್ಟು ಹೊತ್ತು? ಎರಡೇ ಸೆಕೆಂಡು. ಅಷ್ಟರೊಳಗೆ ಉತ್ತರ ಬರಲಿಲ್ಲ ಅಂದ್ರೆ ಚಿಪ್ಪು ಸಿಕ್ಕಿಹಾಕ್ಕೊಂಡೈತೆ ಅಂತ ತಿಳಿದು ಡ್ರೈವರನ್ನ ನಿಲ್ಲಿಸಿ ಮತ್ತೆ ಶುರು ಮಾಡ್ತೈತೆ. ಅದಕ್ಕೆ ಟಿಡಿಆರ್ ಅಂತಾರೆ. ಸ್ಕ್ರೀನ್ ಕಪ್ಪಾಗೋದು ಆ ಹೊತ್ತಿಗೆ. ಉತ್ತರ ಯಾಕೆ ತಡ ಆಯ್ತು ಅಂತ ಅದಕ್ಕೂ ಗೊತ್ತಿಲ್ಲ, ನಮಗೂ ಹೇಳಲ್ಲ. ಡ್ರೈವರ್ ಕೆಟ್ಟಿರಬಹುದು. ಚಿಪ್ಪು ಕಾದು ಕೆಂಡ ಆಗಿರಬಹುದು. ಚಾರ್ಜರ್ ಸರಿಯಾಗಿ ಕರೆಂಟ್ ಕೊಡ್ತಿಲ್ಲದಿರಬಹುದು. ಚಿಪ್ಪಿನ ಮೆಮೊರಿನೇ ಹೋಗಿರಬಹುದು. ಎಲ್ಲಕ್ಕೂ ಒಂದೇ ಸಂದೇಶ."

ಅವರು ಈವೆಂಟ್ ವ್ಯೂವರ್ ತೆರೆದು ತೋರಿಸಿದರು. ಸಿಸ್ಟಂ ದಾಖಲೆಯಲ್ಲಿ 4101 ಸಂಖ್ಯೆಯ ಎಚ್ಚರಿಕೆಗಳು ಒಂದರ ಕೆಳಗೊಂದು ಸಾಲುಗಟ್ಟಿದ್ದವು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಹೊತ್ತಿನಲ್ಲಿ ಒಂದೂ ಇಲ್ಲ. ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ ಗುಂಪಾಗಿ ಬಂದಿವೆ. ಇದು ದೊಡ್ಡ ಸುಳಿವು. ಡ್ರೈವರಿನದೇ ದೋಷವಾದರೆ ತಣ್ಣಗಿದ್ದಾಗಲೂ ಕಾಡಬೇಕಿತ್ತು. ಯಂತ್ರ ಬಿಸಿಯಾದ ಮೇಲಷ್ಟೇ ಬರುವ ತೊಂದರೆಗೆ ಮೊದಲು ಬಿಸಿಯನ್ನೇ ಶಂಕಿಸಬೇಕು. ರೋಗ ಗುರುತಿಸುವ ಈ ಒಂದು ಹೆಜ್ಜೆಯನ್ನು ದಾಟಿ ನೇರವಾಗಿ ಡೌನ್‌ಲೋಡಿಗೆ ಹೋಗುವವರೇ ಹೆಚ್ಚು.

"ಬಿಸಿ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ? ಕೈ ಇಟ್ಟು ನೋಡೋದಾ?"

"ಕೈ ಮಾತು ಬೇಡ. ಚಿಪ್ಪುಗಳ ಒಳಗೇ ಉಷ್ಣಮಾಪಕ ಐತೆ. ಎಚ್‌ಡಬ್ಲ್ಯೂಇನ್ಫೋ ಅಂತ ಒಂದು ಉಚಿತ ತಂತ್ರಾಂಶ ಹಾಕಿದ್ರೆ ಓದಿ ಹೇಳ್ತೈತೆ. ಈಗ ನಿಮ್ಮ ನಕ್ಷೆ ತೆಗೀರಿ."

ನಕ್ಷೆ ತೆರೆಯಿತು. ಪ್ರೊಸೆಸರಿನ ಅಂಕಿ ಏರುತ್ತ ನೂರು ಡಿಗ್ರಿಯ ಹತ್ತಿರಕ್ಕೆ ಹೋಗಿ ನಿಂತಿತು. ಅದರ ವೇಗ ಮಾತ್ರ 2.2 ಗಿಗಾಹರ್ಟ್ಸ್‌ಗಿಂತ ಕೆಳಕ್ಕೆ ಜಾರಿತು. ಅದು ಆ ಪ್ರೊಸೆಸರಿನ ಮೂಲ ವೇಗ. ತನ್ನನ್ನು ತಾನು ಸುಟ್ಟುಕೊಳ್ಳದಿರಲು ಚಿಪ್ಪು ಓಟ ತಗ್ಗಿಸುತ್ತದೆ. ಹೀಗೆ ನಿಧಾನವಾದ ಯಂತ್ರವನ್ನೇ ಜನ 'ಹಳೇದಾಯ್ತು' ಎಂದು ಮೂಲೆಗೆ ಸೇರಿಸುವುದು. ಈ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸ್ ಚಿಪ್ಪಿಗೂ ಸೇರಿ ಇರುವುದು ಬಹುಮಟ್ಟಿಗೆ ಒಂದೇ ಫ್ಯಾನು, ಒಂದೇ ತಾಮ್ರದ ಕೊಳವೆ. ಒಂದು ಕಾದರೆ ಇನ್ನೊಂದೂ ಬೇಯುತ್ತದೆ.

"ಬಿಚ್ಚಾಣ," ಎಂದರು ಅವರು.

ಮೊದಲು ಚಾರ್ಜರ್ ಕಿತ್ತರು. ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿದರು. ಮುಚ್ಚಳ ಮುಚ್ಚಿ ಮಲಗಿಸಿದರೆ ಅದು ಆಫ್ ಆದಂತಲ್ಲ. ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು ಒಂದಿಷ್ಟು ಹೊತ್ತು ಒತ್ತಿ ಹಿಡಿದು ಒಳಗೆ ಉಳಿದ ವಿದ್ಯುತ್ತನ್ನೂ ಬರಿದು ಮಾಡಿದರು. ಬ್ಯಾಟರಿಯನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರು.

"ಏನು ನೋಡ್ತಿದ್ದೀರಿ?"

"ಉಬ್ಬೈತಾ ಅಂತ. ಉಬ್ಬಿದ ಬ್ಯಾಟರಿ ಇದ್ರೆ ಮುಂದಿನ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ಟಚ್‌ಪ್ಯಾಡ್ ಮೇಲೆದ್ದಿದ್ರೆ, ತಳ ಮೇಜಿನ ಮೇಲೆ ಸಮ ಕೂರ್ದಿದ್ರೆ ಮನೇಲಿ ಯಾರೂ ಕೈಹಾಕಬಾರದು. ಚುಚ್ಚಿದ್ರೆ ಬೆಂಕಿ."

ತಳದ ಸ್ಕ್ರೂಗಳನ್ನು ತೆಗೆಯುತ್ತ ಹೋದಂತೆ ಅವನ್ನು ಒಂದು ಹಾಳೆಯ ಮೇಲೆ, ತಳದಲ್ಲಿ ಅವಿದ್ದ ಜಾಗಕ್ಕೆ ಸರಿಯಾಗಿ ಇಟ್ಟರು. ಎಲ್ಲವೂ ಒಂದೇ ಉದ್ದದವಲ್ಲ. ಗಿಡ್ಡ ಸ್ಕ್ರೂ ಇರಬೇಕಾದ ತೂತಿಗೆ ಉದ್ದದ್ದನ್ನು ತಿರುಗಿಸಿದರೆ ಅದು ಮೇಲಿನ ಕೀಬೋರ್ಡಿಗೋ ಬೋರ್ಡಿಗೋ ಚುಚ್ಚುತ್ತದೆ. ಡಿವಿಡಿ ಡ್ರೈವಿನ ಕೆಳಗೆ, ರಬ್ಬರ್ ಪಾದಗಳ ಅಡಿಗೆ ಅಡಗಿದ ಸ್ಕ್ರೂ ಮರೆತು ಜಗ್ಗಿದವರು ಮುಚ್ಚಳ ಮುರಿದುಕೊಳ್ಳುತ್ತಾರೆ. ಹಳೆಯ ಸಿನಿಮಾ ಟಿಕೆಟ್ಟಿನಷ್ಟು ತೆಳ್ಳಗಿನ ಪ್ಲಾಸ್ಟಿಕ್ ಕಾರ್ಡಿನಿಂದ ಅಂಚು ಬಿಡಿಸುತ್ತ, ಕೀಬೋರ್ಡಿನ ಪಟ್ಟಿತಂತಿಯ ಸಣ್ಣ ಕೊಂಡಿಯನ್ನು ಉಗುರಿನಿಂದ ಮೇಲೆತ್ತಿ ಅವರು ಒಳಗನ್ನು ತೆರೆದರು.

ಫ್ಯಾನಿನ ರೆಕ್ಕೆಗಳ ಮೇಲೆ ಬರೀ ಬೂದು ಪುಡಿ. ಅಷ್ಟೇನಾ ಎನ್ನುವಂತೆ ಉಪನ್ಯಾಸಕಿ ನೋಡಿದರು. ಮೆಕ್ಯಾನಿಕ್ ಫ್ಯಾನಿನ ಮುಚ್ಚಳ ತೆಗೆದು, ಫ್ಯಾನಿಗೂ ಹೀಟ್ ಸಿಂಕಿನ ತಗಡುಗಳಿಗೂ ನಡುವಿನ ಸಂದಿಯಲ್ಲಿ ಚಿಮುಟ ಇಳಿಸಿದರು. ಕಂಬಳಿಯ ತುಂಡಿನಂಥದೊಂದು ಪಟ್ಟಿ ಉದ್ದಕ್ಕೂ ಹಾಗೇ ಎದ್ದು ಬಂತು.

"ಕೆರೆ ತೂಬಿಗೆ ಹೂಳು ಕಟ್ಟಿದ ಹಂಗೆ. ನೀರು ಇದ್ರೂ ಹೊಲಕ್ಕೆ ಹರಿಯಲ್ಲ. ಫ್ಯಾನ್ ಎಷ್ಟೇ ತಿರುಗಿದ್ರೂ ಗಾಳಿ ತಗಡಿನ ಒಳಕ್ಕೆ ಹೋಗ್ತಾನೇ ಇರಲಿಲ್ಲ."

ಉಪನ್ಯಾಸಕಿ ಆ ಪಟ್ಟಿಯನ್ನು ಬಿಳಿ ಹಾಳೆಯ ಮೇಲಿಟ್ಟು ಪಿನ್ನಿನಿಂದ ಬಿಡಿಸತೊಡಗಿದರು. ಇಲ್ಲಿಂದ ಪಾಠ ಹೇಳುವ ಸರದಿ ಅವರದಾಯಿತು.

"ನೋಡಿ ಅಣ್ಣ, ಮೊದಲು ಎಳೆ. ಬಟ್ಟೆ ನೂಲು, ಕೂದಲು. ಅವು ತಗಡಿಗೆ ಅಡ್ಡ ಬಿದ್ದು ಜಾಳಿಗೆ ಕಟ್ಟಿವೆ. ಆ ಜಾಳಿಗೆ ಇಲ್ಲದಿದ್ರೆ ಸಣ್ಣ ಮಣ್ಣು ಗಾಳಿ ಜೊತೆ ಆಚೆ ಹೋಗಿಬಿಡ್ತಿತ್ತು. ಈಗ ಅದರಲ್ಲೇ ಸಿಕ್ಕಿಕೊಂಡು ಗಟ್ಟಿಯಾಗಿದೆ. ಈ ಕಪ್ಪು ಛಾಯೆ ನಮ್ಮ ಹಿರಿಯೂರಿನ ಎರೆಮಣ್ಣಿಂದು. ಜೇಡಿ ಕಣ ಎರಡು ಮೈಕ್ರಾನ್‌ಗಿಂತ ಸಣ್ಣದು, ಒಂದು ಸಲ ಮೇಲೆದ್ರೆ ಬೇಗ ಕೂರಲ್ಲ."

"ಹೊಳಲ್ಕೆರೆ ಕಡೆಯವು ಬಿಚ್ಚಿದ್ರೆ ಬೇರೆ ಥರ ಮೇಡಂ. ಅಡಿಕೆ ಸುಲಿಯೋ ಮನೆಗಳಲ್ಲಿ ಸಿಪ್ಪೆ ನಾರೇ ಜಾಸ್ತಿ. ಹೊಸದುರ್ಗದ ಕಡೆ ತೆಂಗಿನ ನಾರಿನ ಪುಡಿ. ಭೀಮಸಮುದ್ರದ ಕಡೆಯವು ಕೆಂಪಗೆ, ಬಟ್ಟೇಲಿ ಒರೆಸಿದ್ರೆ ಕಾವಿ ಬಣ್ಣ."

"ಅದಿರು ಸಾಗಿದ ದಾರಿ ಅದು. 2011ರ ಆಗಸ್ಟ್ 26ಕ್ಕೆ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಎರಡು ಜಿಲ್ಲೆಯಲ್ಲೂ ಗಣಿಗಾರಿಕೆ ನಿಲ್ಲಿಸಿತ್ತು. 2013ರ ತೀರ್ಪಿನ ನಂತರ ಷರತ್ತು ಹಾಕಿ ಮತ್ತೆ ಬಿಟ್ಟರು. ಲಾರಿ ಮೇಲೆ ಟಾರ್ಪಾಲು ಹೊದಿಸಬೇಕು, ರಸ್ತೆಗೆ ನೀರು ಹೊಡೀಬೇಕು ಅಂತ ಊರವರು ಕೇಳ್ತಾನೇ ಬಂದಿದ್ದಾರೆ. ತೋಟದ ಎಲೆ ಮೇಲೆ ಕೂತದ್ದು ಎಲ್ಲರಿಗೂ ಕಾಣುತ್ತೆ. ಇಲ್ಲಿ ಒಳಗೆ ಕೂತದ್ದು ನಿಮ್ಮಂಥವರಿಗೆ ಮಾತ್ರ."

ಧೂಳಿನ ಕೇಡು ಬಿಸಿಗಷ್ಟೇ ಮುಗಿಯುವುದಿಲ್ಲ ಎಂಬುದನ್ನು ಅವರೇ ಮುಂದೆ ಬಿಡಿಸಿ ಹೇಳಿದರು. ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಂದರೆ ಜೂನ್, ಜುಲೈನಲ್ಲಿ ಗಾಳಿ ಧೂಳು ತುಂಬಿಸಿ ಹೋದ ಮೇಲೆ ತೇವ ಬರುತ್ತದೆ. ಜೇಡಿ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವ ಮಣ್ಣು. ಒಣಗಿದ್ದಾಗ ಬೋರ್ಡಿನ ಮೇಲೆ ಸುಮ್ಮನೆ ಕೂತಿದ್ದ ಪುಡಿ ನೀರು ಕುಡಿದ ಮೇಲೆ ಲವಣ ಕರಗಿಸಿ ಲೋಹದ ಕಾಲುಗಳನ್ನು ತಿನ್ನುತ್ತದೆ, ಹರಿಯಬಾರದ ಕಡೆಗೆ ಸಣ್ಣಗೆ ಕರೆಂಟು ಹರಿಸುತ್ತದೆ.

"ಅದಕ್ಕೇ ದಸರಾ ಆಸುಪಾಸಿನಲ್ಲಿ ಶಾರ್ಟ್ ಆದ ಬೋರ್ಡು ಜಾಸ್ತಿ ಬರ್ತಾವೆ," ಎಂದರು ಮೆಕ್ಯಾನಿಕ್. ಕೈಗೆ ಬಂದ ರೋಗಿಗಳ ಲೆಕ್ಕಕ್ಕೆ ಕಾರಣ ಸಿಕ್ಕಿದ ಸಮಾಧಾನ ಅವರ ದನಿಯಲ್ಲಿತ್ತು.

ಬ್ಲೋವರ್ ಹಿಡಿಯುವ ಮೊದಲು ಅವರು ಫ್ಯಾನಿನ ರೆಕ್ಕೆಗೆ ಒಂದು ಬೆರಳು ಒತ್ತಿ ಹಿಡಿದರು. ಗಾಳಿಯ ರಭಸಕ್ಕೆ ಫ್ಯಾನು ತನ್ನ ಅಳತೆ ಮೀರಿ ತಿರುಗಿದರೆ ಬೇರಿಂಗ್ ಹೋಗುತ್ತದೆ. ಜೊತೆಗೆ ತಿರುಗುವ ಮೋಟಾರು ತಾನೇ ವಿದ್ಯುತ್ ಹುಟ್ಟಿಸಿ ಬೋರ್ಡಿನತ್ತ ತಳ್ಳಬಹುದು. ಕಿಂಡಿಯ ಹೊರಗಿನಿಂದ ಒಳಕ್ಕೆ ಊದಿ, ಬಿಚ್ಚದೆಯೇ ಕೆಲಸ ಮುಗಿಸುವ ರೂಢಿಯನ್ನು ಅವರು ಒಪ್ಪಲಿಲ್ಲ. ಕಂಬಳಿ ಪಟ್ಟಿ ಒಡೆದು ಒಂದು ವಾರ ಗಾಳಿ ಸರಾಗವಾಗಿ ಬಂದಂತೆ ಕಾಣುತ್ತದೆ; ಒಡೆದ ಚೂರು ಒಳಗೇ ಅಲೆದು ಮತ್ತೆ ಅದೇ ಸಂದಿಗೆ ಬಂದು ಕೂರುತ್ತದೆ.

"ಪಂಕ್ಚರ್ ಅಂಗಡಿ ಗಾಳಿ ಹೊಡೆಸಿದ್ರೆ? ನಮ್ಮ ವಿದ್ಯಾರ್ಥಿಗಳು ಹಾಗೆ ಮಾಡ್ತಾರಂತೆ."

"ಬ್ಯಾಡವೇ ಬ್ಯಾಡ. ಆ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರಿರ್ತೈತೆ, ಎಣ್ಣೆ ಇರ್ತೈತೆ. ಗಾಳಿ ಜೊತೆ ಅದೂ ಬೋರ್ಡ್ ಮೇಲೆ ಸಿಂಪಡಣೆ ಆಗ್ತೈತೆ. ಮನೆ ವ್ಯಾಕ್ಯೂಮ್ ಕ್ಲೀನರಿನ ಮೂತಿನೂ ಬೋರ್ಡಿಗೆ ತಾಗಿಸಬಾರದು, ಸ್ಥಾಯೀ ವಿದ್ಯುತ್ತು ಹುಟ್ಟಿ ಚಿಪ್ಪಿಗೆ ಹೊಡೀತೈತೆ. ಮೆತ್ತನೆ ಬ್ರಷ್ಷು, ಒಣ ಗಾಳಿ, ತಾಳ್ಮೆ. ಮೂರೇ ಸಾಕು."

ಮುಂದಿನದು ಪೇಸ್ಟು. ಚಿಪ್ಪಿನ ಬೆನ್ನಿಗೂ ತಾಮ್ರದ ತಟ್ಟೆಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಸಂದಿನಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ. ಆ ಸಂದು ತುಂಬಲು ಕಾರ್ಖಾನೆಯಲ್ಲೇ ಒಂದು ಪೇಸ್ಟು ಸವರಿರುತ್ತಾರೆ. ವರ್ಷಗಟ್ಟಲೆ ಕಾದು ಆರಿ ಅದು ಒಣ ಸುಣ್ಣದಂತೆ ಬಿರುಕು ಬಿಡುತ್ತದೆ. ಹೀಟ್ ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಚ್ಚೊತ್ತಿರುವುದನ್ನು ಉಪನ್ಯಾಸಕಿ ಗಮನಿಸಿದರು. ಅದು ಬಿಗಿಯುವ ಕ್ರಮ. ಒಂದನ್ನೇ ಪೂರ್ತಿ ತಿರುಗಿಸಿಬಿಟ್ಟರೆ ಚಿಪ್ಪಿನ ಒಂದು ಮೂಲೆಯ ಮೇಲೆ ಭಾರ ಬಿದ್ದು ಸೀಳಬಹುದು; ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಸುತ್ತು ಬರಬೇಕು. ಹಳೆಯ ಪೇಸ್ಟನ್ನು ಮೆಕ್ಯಾನಿಕ್ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಥಿನ್ನರ್, ಪೆಟ್ರೋಲು ಕೂಡದು, ಅವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಹೊಸ ಪೇಸ್ಟು ಅವರೆಯ ಕಾಳಿಗಿಂತ ಸಣ್ಣ ತೊಟ್ಟು.

"ಇಷ್ಟೇನಾ?"

"ಜಾಸ್ತಿ ಹಾಕಿದ್ರೆ ಜಾಸ್ತಿ ತಂಪು ಅಂತ ತಿಳೀತಾರೆ. ಪೇಸ್ಟು ಸಂದು ತುಂಬೋಕೆ, ತಾಮ್ರದ ಬದಲಿಗಲ್ಲ. ಇನ್ನೊಂದು ನೋಡಿ, ಗ್ರಾಫಿಕ್ಸ್ ಚಿಪ್ಪಿನ ಪಕ್ಕ ಈ ಬೂದು ರಬ್ಬರ್ ತುಂಡುಗಳು. ಇವು ಪ್ಯಾಡು. ಹಳೇದು ಅಂತ ಎಸೆದು ಇಲ್ಲಿ ಪೇಸ್ಟು ಹಚ್ಚಿದ್ರೆ ಸಂದಿಯ ಆಳಕ್ಕೆ ಅದು ಸಾಲಲ್ಲ, ಮೆಮೊರಿ ಸುಟ್ಟುಹೋಗ್ತೈತೆ."

ಜೋಡಿಸಿ ಮತ್ತೆ ಅದೇ ನಕ್ಷೆ ತೆರೆದರು. ಅಂಗೈಗೆ ಬಿಸಿಗಾಳಿ ಬಡಿಯಿತು. ನೂರರ ಹತ್ತಿರ ನಿಲ್ಲುತ್ತಿದ್ದ ಅಂಕಿ ಎಂಬತ್ತನ್ನೂ ಮುಟ್ಟಲಿಲ್ಲ, ವೇಗ ಕುಸಿಯಲಿಲ್ಲ. ಎಷ್ಟೋ ಲ್ಯಾಪ್‌ಟಾಪುಗಳ ಕತೆ ಇಲ್ಲಿಗೆ ಮುಗಿಯುತ್ತದೆ. ಇದರದು ಮುಗಿಯಲಿಲ್ಲ. ಒಂದಷ್ಟು ಹೊತ್ತಾದ ಮೇಲೆ, ನಕ್ಷೆಯನ್ನು ಓರೆಯಾಗಿಸಿ ತಿರುಗಿಸುತ್ತಿದ್ದಾಗ, ಸ್ಕ್ರೀನ್ ಒಮ್ಮೆ ಕಪ್ಪಾಗಿ ಬಂತು.

"ಈಗ ಡ್ರೈವರ್ ನೋಡಾಣ," ಎಂದರು ಮೆಕ್ಯಾನಿಕ್. "ಈಗಾದ್ರೆ ಬಿಸಿ ಮೇಲೆ ಅನುಮಾನ ಇಲ್ಲ."

ಅವರು ಡಿವೈಸ್ ಮ್ಯಾನೇಜರ್ ತೆರೆದರು. ಡಿಸ್‌ಪ್ಲೇ ಸಾಲಿನಲ್ಲಿ ಎರಡು ಹೆಸರು: ಪ್ರೊಸೆಸರಿನ ಒಳಗೇ ಇರುವ ಇಂಟೆಲ್ ಗ್ರಾಫಿಕ್ಸು, ಅದರ ಕೆಳಗೆ ಎನ್‌ವಿಡಿಯಾ. ಚಿಪ್ಪಿನ ಹೆಸರೇ ಕಾಣದೆ ಬರೀ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಎಂದು ಬರುವುದೂ ಉಂಟು. ಆಗ ಹಾರ್ಡ್‌ವೇರ್ ಐಡಿ ನೋಡಬೇಕು. ಅದರಲ್ಲಿ 8086 ಇದ್ದರೆ ಇಂಟೆಲ್, 10ಡಿಇ ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಂಡಿ. ಅಂಟಿಸಿದ ಸ್ಟಿಕರು ಉದುರಿಹೋಗಿದ್ದರೂ ಈ ಸಂಖ್ಯೆ ಅಳಿಯುವುದಿಲ್ಲ.

"ಎನ್‌ವಿಡಿಯಾದ ಎಲ್ಲಕ್ಕಿಂತ ಹೊಸ ಡ್ರೈವರ್ ಹಾಕಿದರೆ ಆಯ್ತಲ್ಲ?"

"ಅದು ನಿಮ್ಮ ಚಿಪ್ಪಿಗೆ ಕೂರಲ್ಲ. 920 ಅನ್ನೋ ಸಂಖ್ಯೆ ನೋಡಿದ್ರೆ 2015ರ ಮಾಲು. ಒಳಗಿನ ವಿನ್ಯಾಸ ಕೆಪ್ಲರ್, 2012ರದು. ಅದೇ ಸಾಲಿನ 940ಎಂ ತಗೊಂಡಿದ್ರೆ ಮ್ಯಾಕ್ಸ್‌ವೆಲ್ ಸಿಗ್ತಿತ್ತು. ಅದಕ್ಕೂ ಹಿಂದಿನ 820ಎಂ ಇನ್ನೂ ಹಳೇ ಫರ್ಮಿ."

"ಎಲ್ಲ ವಿಜ್ಞಾನಿಗಳ ಹೆಸರು!"

"ಹೌದು. ಆಯುಷ್ಯ ನಿರ್ಧಾರ ಆಗೋದೇ ಆ ಹೆಸರಿನ ಮೇಲೆ. ಫರ್ಮಿಗೆ ಹೊಸ ಡ್ರೈವರ್ ನಿಂತಿದ್ದು 2018ರ ಏಪ್ರಿಲ್‌ಗೆ. ಲ್ಯಾಪ್‌ಟಾಪಿನ ಕೆಪ್ಲರ್‌ಗೆ 2019ರ ಏಪ್ರಿಲ್‌ಗೆ. ಮ್ಯಾಕ್ಸ್‌ವೆಲ್ಲು, ಪ್ಯಾಸ್ಕಲ್ಲು 2025ರ ಅಕ್ಟೋಬರ್ ತನಕ ನಡೆದವು, ಭದ್ರತೆಯ ತೇಪೆ ಮಾತ್ರ 2028ರ ಅಕ್ಟೋಬರ್ ತನಕ ಕೊಡ್ತೀವಿ ಅಂದವರೆ. ಎಎಂಡಿಯವರು 2021ರ ಜೂನ್‌ನಲ್ಲೇ ಹಳೇ ಸಾಲುಗಳನ್ನ ಬದಿಗಿಟ್ಟರು. ಇಂಟೆಲ್‌ನವರು 2022ರ ಜುಲೈನಲ್ಲಿ ಆರರಿಂದ ಹತ್ತನೇ ತಲೆಮಾರಿನವಕ್ಕೆ ಹೊಸ ಸೌಲಭ್ಯ ನಿಲ್ಲಿಸಿ, ಬರೀ ದೋಷ ತಿದ್ದೋ ಶಾಖೆಗೆ ಹಾಕಿದ್ರು. ನಿಮ್ಮದು ಐದನೇದು, ಅದಕ್ಕೂ ಹಿಂದಿನ ಸಾಲು."

ಹೊಸ ಸಂಖ್ಯೆ ಎಂದರೆ ಉತ್ತಮ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಹಳೆಯ ಲ್ಯಾಪ್‌ಟಾಪಿಗೆ ಅದು ಹೊಂದುವುದಿಲ್ಲ. ಎರಡು ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಹಗುರ ಕೆಲಸಕ್ಕೆ ಇಂಟೆಲ್, ಭಾರದ ಕೆಲಸಕ್ಕೆ ಎನ್‌ವಿಡಿಯಾ ಎಂದು ಕ್ಷಣಕ್ಷಣಕ್ಕೂ ಕೈ ಬದಲಾಗುತ್ತಿರುತ್ತದೆ. ಎರಡು ಡ್ರೈವರುಗಳೂ ಪರಸ್ಪರ ಒಗ್ಗಿರಬೇಕು. ಅವನ್ನು ಒಗ್ಗಿಸಿ ಪರೀಕ್ಷಿಸಿದವರು ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯವರು. ಹೀಗಾಗಿ ತಳದ ಸೀರಿಯಲ್ ನಂಬರನ್ನು ಅದೇ ಕಂಪನಿಯ ಸಪೋರ್ಟ್ ಪುಟದಲ್ಲಿ ಹಾಕಿ, ಅಲ್ಲಿ ಕೊಟ್ಟಿರುವ ಜೋಡಿಯನ್ನೇ ಇಳಿಸಿಕೊಳ್ಳುವುದು ಸರಿಯಾದ ದಾರಿ. ಅದರಲ್ಲೂ ತೊಂದರೆ ಉಳಿದರೆ ಮಾತ್ರ ಚಿಪ್ಪು ಮಾಡಿದವರ ಕೊನೆಯ ಡ್ರೈವರಿಗೆ ಹೋಗಬೇಕು. ಲ್ಯಾಪ್‌ಟಾಪಿನ ಕೆಪ್ಲರ್ ಚಿಪ್ಪುಗಳ ಪಾಲಿಗೆ ಆ ಸಾಲಿನ ಕೊನೆಯದು 425.31.

"ಎಲ್ಲ ಡ್ರೈವರನ್ನೂ ನಾವೇ ಹುಡುಕಿ ಹಾಕ್ತೀವಿ ಅನ್ನೋ ತಂತ್ರಾಂಶಗಳು ಇವೆಯಲ್ಲ?"

"ಅವನ್ನ ನಂಬಬೇಡಿ ಮೇಡಂ. ನಿಮ್ಮ ಕಂಪ್ಯೂಟರಿನಲ್ಲಿ ಇಷ್ಟು ತೊಂದರೆ ಐತೆ ಅಂತ ಹೆದರಿಸಿ ದುಡ್ಡು ಕೇಳ್ತಾವೆ. ಚಿಪ್ಪಿಗೆ ಹೊಂದದ್ದನ್ನ ಹಾಕ್ತಾವೆ. ಜೊತೆಗೆ ಜಾಹೀರಾತಿನ ಕಸ ತರ್ತಾವೆ."

ಆಮೇಲೆ ನಡೆದದ್ದು ನಿಧಾನದ ಕೆಲಸ. ಹಳೆಯ ಸ್ಥಿತಿಗೆ ಮರಳಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟರು. ಬೇಕಾದ ಡ್ರೈವರುಗಳನ್ನು ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡು ವೈಫೈ ನಿಲ್ಲಿಸಿದರು. ನೆಟ್ ಇದ್ದರೆ ಹಳೆಯದು ತೆಗೆದ ಕೂಡಲೇ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ್ದನ್ನು ತಂದು ತುರುಕುತ್ತದೆ. ಸೇಫ್ ಮೋಡಿಗೆ ಹೋಗಿ, ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಹಳೆಯ ಡ್ರೈವರಿನ ಬೇರುಗಳನ್ನೂ ತೆಗೆದರು. ಮೇಲಿಂದ ಮೇಲೆ ಹೇರಿದ ಡ್ರೈವರುಗಳ ಉಳಿಕೆಗಳೇ ಈ ಲ್ಯಾಪ್‌ಟಾಪಿನ ಎರಡನೇ ರೋಗವಾಗಿದ್ದವು. ಮೊದಲು ಇಂಟೆಲ್‌ನದು ಹಾಕಿ, ಮರುಚಾಲೂ ಮಾಡಿ, ಆಮೇಲೆ ಎನ್‌ವಿಡಿಯಾದ್ದು ಹಾಕಿದರು. ಅಷ್ಟೂ ಹೊತ್ತು ಲ್ಯಾಪ್‌ಟಾಪು ಯುಪಿಎಸ್‌ಗೆ ಸಿಕ್ಕಿಸಿಯೇ ಇತ್ತು. ಹಳೆಯ ಬ್ಯಾಟರಿ ಹತ್ತು ನಿಮಿಷವೂ ತಡೆಯದು. ಡ್ರೈವರ್ ಕೂರುತ್ತಿರುವಾಗ ಕರೆಂಟ್ ಹೋದರೆ ಅರ್ಧಂಬರ್ಧ ಕೂತದ್ದನ್ನು ಬಿಡಿಸುವುದು ಮತ್ತೊಂದು ದಿನದ ಕೆಲಸ.

"ಹಾಕಿದ್ದು ಸರಿಬರಲಿಲ್ಲ ಅಂದ್ರೆ?"

"ಡಿವೈಸ್ ಮ್ಯಾನೇಜರಿನಲ್ಲೇ ರೋಲ್ ಬ್ಯಾಕ್ ಅಂತ ಐತೆ, ಹಿಂದಿನದಕ್ಕೆ ಹೋಗ್ತೈತೆ. ಇನ್ನೊಂದು ಮಾತು. ನಿಮ್ಮ ದಿನದ ನಕ್ಷೆ ಕೆಲಸಕ್ಕೆ ಎನ್‌ವಿಡಿಯಾ ಬೇಕಾಗೇ ಇಲ್ಲ. ವಿಂಡೋಸಿನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಕ್ಯೂಜಿಐಎಸ್‌ಗೆ ವಿದ್ಯುತ್ ಉಳಿಸೋ ಚಿಪ್ಪು ಅಂತ ಆರಿಸಿ. ಇಂಟೆಲ್‌ನದೇ ಸಾಕು, ಬಿಸಿನೂ ಕಮ್ಮಿ. ಮೂರು ಆಯಾಮದ್ದು ತಿರುಗಿಸುವಾಗ ಮಾತ್ರ ದೊಡ್ಡದಕ್ಕೆ ಬದಲಿಸಿ."

"ಹಾಗಾದ್ರೆ ಎನ್‌ವಿಡಿಯಾ ಡಿಸೇಬಲ್ ಮಾಡಿಬಿಟ್ಟರೆ?"

"ಬೇಡ. ಡ್ರೈವರ್ ಇದ್ರೇನೇ ಆ ಚಿಪ್ಪು ಕೆಲಸ ಇಲ್ಲದಾಗ ಮಲಗೋದು. ಡಿಸೇಬಲ್ ಮಾಡಿದ್ರೆ ಕೆಲವು ಮಾಡೆಲ್‌ನಲ್ಲಿ ಅದು ಸುಮ್ಮನೆ ಕರೆಂಟ್ ತಿಂತಾ ಎಚ್ಚರವಾಗೇ ಇರ್ತೈತೆ."

ವಾಣಿ ವಿಲಾಸ ಸಾಗರದ ನಕ್ಷೆ ಮತ್ತೆ ತೆರೆಯಿತು. 1907ರಲ್ಲಿ ಕಟ್ಟಿ ಮುಗಿಸಿದ ಈ ಮಾರಿಕಣಿವೆ ಅಣೆಕಟ್ಟೆ 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಕೆರೆ ತಳ ಕಂಡಿದ್ದ ಬೇಸಿಗೆಯ ಚಿತ್ರವನ್ನೂ 130 ಅಡಿ ತುಂಬಿ ಹರಿದ ಆ ತಿಂಗಳ ಚಿತ್ರವನ್ನೂ ಒಂದರ ಮೇಲೊಂದು ಹಾಕಿ ಉಪನ್ಯಾಸಕಿ ಸರಿಸಿ ತೋರಿಸಿದರು. ಹತ್ತು ಮೀಟರ್ ಸ್ಪಷ್ಟತೆಯ ಈ ಚಿತ್ರಗಳನ್ನು ಕಳಿಸುವ ಯುರೋಪಿನ ಸೆಂಟಿನೆಲ್-2 ಸರಣಿಯ ಮೊದಲ ಉಪಗ್ರಹ ಮೇಲೆ ಹೋದದ್ದೂ 2015ರಲ್ಲೇ, ಈ ಲ್ಯಾಪ್‌ಟಾಪ್ ಕೊಂಡ ವರ್ಷ. ಚಿತ್ರಗಳು ಎಲ್ಲರಿಗೂ ಉಚಿತ. ಹಳ್ಳಿಯ ಹುಡುಗಿಯೊಬ್ಬಳು ತನ್ನೂರಿನ ಕೆರೆ ಹತ್ತು ವರ್ಷದಲ್ಲಿ ಎಷ್ಟು ಒತ್ತುವರಿಯಾಗಿದೆ ಎಂದು ಅಳೆಯಲು ಇಂಥದೊಂದು ಹಳೆಯ ಯಂತ್ರ ಸಾಕು. ನಕ್ಷೆಯನ್ನು ಓರೆಯಾಗಿಸಿ ಎಷ್ಟು ತಿರುಗಿಸಿದರೂ ಸ್ಕ್ರೀನ್ ಕಪ್ಪಾಗಲಿಲ್ಲ.

"ವಿಂಡೋಸ್ 10 ನಿಂತುಹೋಯ್ತಲ್ಲ, ಇದನ್ನ ಇಟ್ಟುಕೊಂಡು ಪ್ರಯೋಜನ ಇದೆಯಾ?" ಎಂದು ಅವರು ಕೇಳಿದ್ದು ನಿಜವಾದ ಆತಂಕದಿಂದಲೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆ ಸಿಗುವ ಏರ್ಪಾಡಿದೆ. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸತು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕ. ಐದನೇ ತಲೆಮಾರಿನದು ಆ ಹೊಸ್ತಿಲು ದಾಟುವುದಿಲ್ಲ.

"ಲಿನಕ್ಸ್ ಹಾಕಿಕೊಡ್ತೀನಿ," ಎಂದರು ಮೆಕ್ಯಾನಿಕ್. "ಕ್ಯೂಜಿಐಎಸ್ ಅದರಲ್ಲೇ ಇನ್ನೂ ಚೆನ್ನಾಗಿ ಓಡ್ತೈತೆ. ಕನ್ನಡ ಟೈಪಿಂಗಿಗೆ ಕಗಪ ಕೀಲಿಮಣೆ ಐತೆ, ನುಡಿ ತಂತ್ರಾಂಶದಲ್ಲಿ ಕಲಿತ ಬೆರಳು ಹಂಗೇ ಓಡ್ತಾವೆ. ನಿಮ್ಮ ಕೆಪ್ಲರ್ ಚಿಪ್ಪಿಗೆ ಅಲ್ಲಿ 470 ಸಂಖ್ಯೆಯ ಹಳೇ ಶಾಖೆ ಡ್ರೈವರ್, ಇಲ್ಲದಿದ್ರೆ ಸಮುದಾಯದವರು ಬರೆದ ನೂವೋ. ಹಾರ್ಡ್‌ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿಸಿದ್ರೆ ಇದು ಇನ್ನೂ ಕೆಲವು ವರ್ಷ ಪಾಠಕ್ಕೆ ಬರ್ತೈತೆ."

ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಳ್ಳುತ್ತ ಉಪನ್ಯಾಸಕಿ ತಮ್ಮ ಕಾಲೇಜಿನ ಲ್ಯಾಬಿನ ಮಾತೆತ್ತಿದರು. ಅಲ್ಲಿಯ ಕಂಪ್ಯೂಟರುಗಳೂ ಹೀಗೇ ನಿಧಾನವಾಗಿವೆ. ಸರ್ವಿಸ್ ಆಗುತ್ತದೆ, ಆದರೆ ಪ್ರತಿ ವರ್ಷ ಮಾರ್ಚ್‌ನಲ್ಲಿ.

"ಮಾರ್ಚ್‌ನಲ್ಲಿ ಯಾಕೆ?"

"ಅನುದಾನ ಮುಗಿಸಬೇಕಲ್ಲ, ಹಣಕಾಸಿನ ವರ್ಷ."

"ಮಾರ್ಚ್‌ನಲ್ಲಿ ಒರೆಸಿ ಇಟ್ಟದ್ದು ಆಷಾಢದ ಗಾಳಿಗೆ ಮತ್ತೆ ತುಂಬ್ತೈತೆ. ಆ ಧೂಳಿನ ಮೇಲೇ ಸೆಪ್ಟೆಂಬರ್ ಮಳೆ ಬರ್ತೈತೆ ಅಂತ ನೀವೇ ಈಗ ಹೇಳಿದ್ರಿ."

"ಶ್ರಾವಣದಲ್ಲಿ ಮಾಡಿಸಿದ್ರೆ?"

"ಅದೇ ಸರಿಯಾದ ಹೊತ್ತು. ಗಾಳಿ ಇಳಿದಿರ್ತೈತೆ, ದೊಡ್ಡ ಮಳೆ ಬಂದಿರಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲ ಕಡೆ ಕಾಲೇಜಿನವರಿಗೂ ಶಾಲೆಯವರಿಗೂ ಇದನ್ನೇ ಹೇಳಿ ಮೇಡಂ. ಲ್ಯಾಬಿನ ಸರ್ವಿಸ್ ಮಾರ್ಚ್‌ನಿಂದ ಆಗಸ್ಟ್‌ಗೆ ಬದಲಾಯಿಸ್ಕೊಳ್ಳಲಿ. ಹೊಸ ಕಂಪ್ಯೂಟರಿಗೆ ಅರ್ಜಿ ಬರೆಯೋ ಮುಂಚೆ ಇರೋದರ ತಳ ಒಂದು ಸಲ ಬಿಚ್ಚಿಸಲಿ."